ಮಧುಮೇಹವಿರುವ ಮಗುವಿನ ಹಗಲಿನ ಆರೈಕೆ: ಅಂಗನವಾಡಿ ಹಾಗೂ ಕೂಸಿನ ಮನೆ ಸಿಬ್ಬಂದಿಗೆ ಅಭ್ಯಾಸ ಪಾಠ

ಪಾಠದ ಉದ್ದೇಶ

ಮಧುಮೇಹವೆಂದರೆ ವಯಸ್ಸಾದವರ ಕಾಯಿಲೆ ಎಂಬ ಭಾವನೆ ಗ್ರಾಮಗಳಲ್ಲಿ ಇಂದಿಗೂ ಬಲವಾಗಿದೆ. ಆದರೆ ಒಂದು ವರ್ಷದ ಕೂಸಿನಿಂದ ಹಿಡಿದು ಶಾಲಾ ಬಾಲಕರವರೆಗೆ ಯಾವ ಮಗುವಿಗಾದರೂ ಅದು ಬರಬಹುದು. ತಾಯಿ ಕೂಲಿಗೋ ಉದ್ಯೋಗ ಖಾತರಿ ಕೆಲಸಕ್ಕೋ ಹೋದಾಗ ಅಂತಹ ಮಗುವಿನ ಹಗಲಿನ ಹೊಣೆ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಅಥವಾ ಕೂಸಿನ ಮನೆಯ ಆರೈಕೆದಾರರ ಮೇಲೆ ಬೀಳುತ್ತದೆ. ಭಯದಿಂದ ಮಗುವನ್ನು ಸೇರಿಸಿಕೊಳ್ಳಲು ಹಿಂಜರಿಯುವುದೂ ತಪ್ಪು, ತಿಳಿಯದೆ ಸೇರಿಸಿಕೊಂಡು ಉಳಿದ ಮಕ್ಕಳಂತೆಯೇ ಬಿಟ್ಟುಬಿಡುವುದೂ ತಪ್ಪು. ಆರೈಕೆ ಮಾಡುವವರು ವೈದ್ಯರಾಗಬೇಕಾಗಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದುದನ್ನು ಗುರುತಿಸಿ, ತಡಮಾಡದೆ ಬಾಯಿಗೆ ಸಕ್ಕರೆ ಕೊಡುವುದನ್ನು ಕಲಿತಿದ್ದರೆ ದೊಡ್ಡ ಅಪಾಯವನ್ನು ತಪ್ಪಿಸಬಹುದು. ಈ ಪಾಠದ ತಿರುಳು ಇದೇ ಆಗಿದೆ.

ಕಾಯಿಲೆಯ ಸ್ವರೂಪ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯ ವಿಧದ, ಅಂದರೆ ಟೈಪ್ 1 ಮಧುಮೇಹ. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಪಡಿಸುವುದರಿಂದ ಇದು ಉಂಟಾಗುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಉಂಡ ಆಹಾರದ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ, ಜೀವಕೋಶಗಳು ಹಸಿದಿರುತ್ತವೆ. ಮಗು ಸಿಹಿ ತಿಂದದ್ದರಿಂದ ಈ ಕಾಯಿಲೆ ಬರುವುದಿಲ್ಲ. ತಾಯಿಯ ಅಜಾಗರೂಕತೆಯಿಂದಲೂ ಬರುವುದಿಲ್ಲ. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಕೇಂದ್ರಕ್ಕೆ ಬರುವ ಇತರ ಪೋಷಕರಿಗೆ ಇದನ್ನು ಸ್ಪಷ್ಟವಾಗಿ ತಿಳಿಸುವುದು ಸಿಬ್ಬಂದಿಯ ಕರ್ತವ್ಯವಾಗಿದೆ.

ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕ. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಇಂದು ದಿನನಿತ್ಯ ಇನ್ಸುಲಿನ್ ಪಡೆಯುವ ಮಗು ಓದಿ, ಆಡಿ, ದುಡಿದು ಪೂರ್ಣ ಜೀವನ ನಡೆಸಬಲ್ಲದು. ಆದರೆ ಮಾತ್ರೆ, ಸೊಪ್ಪಿನ ರಸ, ಹಾಗಲಕಾಯಿ, ಪಥ್ಯ ಇವುಗಳಲ್ಲಿ ಯಾವುದೂ ಈ ಮಕ್ಕಳಿಗೆ ಇನ್ಸುಲಿನ್‌ಗೆ ಬದಲಿಯಾಗಲಾರದು. ನಾಟಿ ಔಷಧಿಯನ್ನು ನಂಬಿ ಚುಚ್ಚುಮದ್ದು ನಿಲ್ಲಿಸುವ ವಿಚಾರ ಮನೆಯವರಲ್ಲಿ ಕಂಡುಬಂದರೆ ಕೂಡಲೇ ಆಶಾ ಕಾರ್ಯಕರ್ತೆಯ ಮೂಲಕ ವೈದ್ಯಾಧಿಕಾರಿಗಳ ಗಮನಕ್ಕೆ ತರತಕ್ಕದ್ದು.

ಸಕ್ಕರೆ ಇಳಿಯುವುದೇಕೆ?

ಆರೋಗ್ಯವಂತ ದೇಹವು ಬೇಕಾದಾಗ ಬೇಕಾದಷ್ಟೇ ಇನ್ಸುಲಿನ್ ಸ್ರವಿಸುತ್ತದೆ. ಚುಚ್ಚಿದ ಇನ್ಸುಲಿನ್ ಹಾಗಲ್ಲ. ಒಮ್ಮೆ ಒಳಗೆ ಹೋದ ಮೇಲೆ ಮಗು ಉಂಡಿತೋ ಇಲ್ಲವೋ ಎಂಬುದನ್ನು ನೋಡದೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಬೆಳಿಗ್ಗೆ ಮನೆಯಲ್ಲಿ ಕೊಟ್ಟ ಇನ್ಸುಲಿನ್‌ನ ಪ್ರಭಾವ, ಅದರ ಬಗೆಯನ್ನು ಅವಲಂಬಿಸಿ, ಮಗು ಕೇಂದ್ರದಲ್ಲಿರುವ ಹೊತ್ತಿಗೇ ಹೆಚ್ಚಾಗಿರುತ್ತದೆ. ತಿಂಡಿ ಅರ್ಧಕ್ಕೆ ಬಿಟ್ಟಿದ್ದರೆ, ಊಟ ತಡವಾದರೆ, ಎಂದಿಗಿಂತ ಹೆಚ್ಚು ಓಡಿ ಆಡಿದರೆ, ವಾಂತಿ ಭೇದಿಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಕೂಡಲೇ ಕ್ರಮ ಕೈಗೊಳ್ಳಬೇಕು.

ದೊಡ್ಡವರು ತಮಗಾಗುತ್ತಿರುವುದನ್ನು ಹೇಳಿಕೊಳ್ಳುತ್ತಾರೆ; ಎರಡು ಮೂರು ವರ್ಷದ ಮಗು ಹೇಳಲಾರದು. ಆದ್ದರಿಂದ ಹೇಳದಿರುವುದನ್ನು ನೋಡಿ ತಿಳಿಯಬೇಕಾಗುತ್ತದೆ. ಹಣೆ, ಕುತ್ತಿಗೆಯಲ್ಲಿ ತಣ್ಣನೆಯ ಬೆವರು, ಕೈ ನಡುಕ, ಮುಖ ಬಿಳಿಚಿಕೊಳ್ಳುವುದು, ಹಠಾತ್ ಹಸಿವು, ಕಾರಣವಿಲ್ಲದ ಅಳು ಅಥವಾ ಸಿಟ್ಟು, ನಡಿಗೆಯಲ್ಲಿ ತಡವರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ — ಇವು ಮುಖ್ಯ ಲಕ್ಷಣಗಳು. ಇವುಗಳಲ್ಲಿ ಕೊನೆಯದು ಅತಿ ಮೋಸದ್ದು. ಅಳುವ ಮಗುವನ್ನು ಎಲ್ಲರೂ ನೋಡುತ್ತಾರೆ. ಮೂಲೆಯಲ್ಲಿ ಸುಮ್ಮನೆ ಮಲಗಿದ ಮಗುವನ್ನು ಕಂಡು ನೆಮ್ಮದಿ ಪಡುತ್ತಾರೆ.

ಒಂದು ನಿದರ್ಶನ

ತರಬೇತಿಗಾಗಿ ಕಲ್ಪಿಸಿದ ಸನ್ನಿವೇಶವೊಂದನ್ನು ಗಮನಿಸಬಹುದು. ನಾಲ್ಕು ವರ್ಷದ, 15 ಕಿಲೋ ತೂಕದ ಬಾಲಕ. ತಾಯಿ ಬೆಳಿಗ್ಗೆ ಎಂಟು ಕಾಲಿಗೆ ಇನ್ಸುಲಿನ್ ಕೊಟ್ಟು, ಉಪ್ಪಿಟ್ಟು ತಿನ್ನಿಸಿ, ಅಂಗನವಾಡಿಗೆ ಬಿಟ್ಟು, ಎರಡು ಕಿಲೋಮೀಟರ್ ದೂರದ ಕೆರೆ ಹೂಳೆತ್ತುವ ಕೆಲಸಕ್ಕೆ ಹೋಗುತ್ತಾಳೆ. ಅಂದು ಹೊರಡುವಾಗ, "ಟೀಚರ್, ಇವತ್ತು ಅರ್ಧ ತಟ್ಟೆನೂ ತಿಂದಿಲ್ಲ, ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಹೋಗಿದ್ದಳು. ಕಾರ್ಯಕರ್ತೆ ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಳು.

ಹನ್ನೊಂದರ ಹೊತ್ತಿಗೆ ಆಟದಲ್ಲಿದ್ದ ಬಾಲಕ ಚಾಪೆಯ ಮೇಲೆ ಬಂದು ಮಲಗಿದ. "ಬಿಸಿಲಿಗೆ ಸುಸ್ತಾಗಿದೆ, ಮಲಗಲಿ ಬಿಡಿ ಟೀಚರ್" ಎಂದಳು ಸಹಾಯಕಿ. ಕಾರ್ಯಕರ್ತೆಗೂ ಮೊದಲು ಹಾಗೆಯೇ ತೋರಿತು. ಆದರೆ ತಿಂಡಿಯ ಮಾತು ನೆನಪಾಗಿ ಹತ್ತಿರ ಹೋಗಿ ಹಣೆ ಮುಟ್ಟಿದಾಗ ಫ್ಯಾನಿನ ಕೆಳಗಿದ್ದರೂ ಅಂಗಿ ಬೆವರಿನಿಂದ ತೊಯ್ದಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟ, ಉತ್ತರ ಕೊಡಲಿಲ್ಲ. ತಾಯಿ ಚೀಲದಲ್ಲಿಟ್ಟಿದ್ದ ಗ್ಲೂಕೋಮೀಟರ್‌ನಲ್ಲಿ 52 ಬಂತು.

ಮಗುವಿಗೆ ಎಚ್ಚರವಿತ್ತು, ನುಂಗಲು ಬರುತ್ತಿತ್ತು. ಕಾರ್ಯಕರ್ತೆ ಅವನನ್ನು ಎಬ್ಬಿಸಿ ಕೂರಿಸಿ, ಒಂದು ಚಹಾ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದಳು. ಸಹಾಯಕಿ ತಾಯಿಗೆ ಫೋನ್ ಮಾಡಿದಳು, ಕರೆ ಸಿಗಲಿಲ್ಲ. ಸಕ್ಕರೆ ಕೊಡುವುದಕ್ಕೆ ಆ ಕರೆಗಾಗಿ ಕಾಯಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಹದಿನೈದು ನಿಮಿಷದ ನಂತರ 64. ಮತ್ತೊಂದು ಚಮಚ ಸಕ್ಕರೆ ಕೊಟ್ಟರು. ಇನ್ನೂ ಹದಿನೈದು ನಿಮಿಷಕ್ಕೆ 98. ಬಾಲಕ ಎದ್ದು ಕುಳಿತು ತನ್ನ ಚೆಂಡು ಕೇಳಿದ. ಅನಂತರವೇ ಅನ್ನ ಸಾಂಬಾರು ಉಣ್ಣಿಸಿ, ಮಧ್ಯಾಹ್ನವೆಲ್ಲ ಕಣ್ಣೆದುರಿಗೆ ಇರಿಸಿಕೊಂಡರು. ಹೊತ್ತು, ಅಂಕಿ, ಕೊಟ್ಟ ಸಕ್ಕರೆ ಎಲ್ಲವನ್ನೂ ಬರೆದು ಸಂಜೆ ತಾಯಿಗೆ ತೋರಿಸಿದರು. ಆ ಚೀಟಿಯನ್ನು ನೋಡಿಯೇ ವೈದ್ಯರು ಮುಂದೆ ಇನ್ಸುಲಿನ್ ಪ್ರಮಾಣದ ಬಗ್ಗೆ ತೀರ್ಮಾನಿಸಬಲ್ಲರು.

ಅಂದು ಬೆಳಿಗ್ಗೆ ತಾಯಿ ಹೇಳಿದ ಒಂದು ಮಾತು, ಅದನ್ನು ಬರೆದಿಟ್ಟ ಒಂದು ಸಾಲು, ಹಣೆ ಮುಟ್ಟಿದ ಒಂದು ಕೈ ಇವುಗಳಲ್ಲಿ ಯಾವುದು ತಪ್ಪಿದ್ದರೂ ಬಾಲಕನಿಗೆ ಸೆಳೆತ ಬರಬಹುದಿತ್ತು, ಪ್ರಜ್ಞೆ ತಪ್ಪಬಹುದಿತ್ತು.

ಸಕ್ಕರೆ ಇಳಿದಾಗ ಕೈಗೊಳ್ಳಬೇಕಾದ ಕ್ರಮಗಳು

1. ಮಗುವನ್ನು ಒಂಟಿಯಾಗಿ ಬಿಡಬಾರದು. ಆಟ ನಿಲ್ಲಿಸಿ ಕೂರಿಸಬೇಕು.

2. ಸಾಧ್ಯವಿದ್ದರೆ ಬೆರಳನ್ನು ನೀರಿನಿಂದ ತೊಳೆದು ಒರೆಸಿ ಪರೀಕ್ಷಿಸಬೇಕು. ಬೆರಳಿನಲ್ಲಿ ಹಣ್ಣಿನ ರಸ, ಬೆಲ್ಲ ಅಂಟಿದ್ದರೆ ಅಂಕಿ ಸುಳ್ಳಾಗಿ ಹೆಚ್ಚು ತೋರುತ್ತದೆ.

3. ಗ್ಲೂಕೋಮೀಟರ್ ಇಲ್ಲದಿದ್ದರೆ, ಅಥವಾ ಸಂದೇಹವಿದ್ದರೆ, ಸಕ್ಕರೆ ಇಳಿದಿದೆ ಎಂದೇ ಭಾವಿಸಿ ನಡೆಯಬೇಕು. ಹೆಚ್ಚಿದ್ದಾಗ ಒಂದು ಚಮಚ ಸಕ್ಕರೆ ಕೊಟ್ಟರೆ ಆಗುವ ಹಾನಿ ಅಲ್ಪ. ಇಳಿದಿದ್ದಾಗ ಕೊಡದಿದ್ದರೆ ಜೀವಕ್ಕೇ ಅಪಾಯ.

4. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.3 ಗ್ರಾಂ ಗ್ಲೂಕೋಸ್ ಬೇಕಾಗುತ್ತದೆ. ಚಿಕ್ಕ ಮಗುವಿಗೆ ಒಂದು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಸಾಕು. ವೈದ್ಯರು ಬರೆದುಕೊಟ್ಟ ಪ್ರಮಾಣವಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಬಾರದು.

5. ಬಿಸ್ಕತ್ತು, ಚಾಕೊಲೇಟು, ಹಾಲು ಮೊದಲ ಉಪಾಯವಲ್ಲ. ಅವುಗಳಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

6. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ, 70ಕ್ಕಿಂತ ಕಡಿಮೆಯಿದ್ದರೆ ಪುನಃ ಅಷ್ಟೇ ಸಕ್ಕರೆ ಕೊಡಬೇಕು. ಸರಿಹೋದ ಮೇಲೆ ಊಟ ಅಥವಾ ತಿಂಡಿ ಕೊಡಬೇಕು.

7. ಪ್ರಜ್ಞೆ ತಪ್ಪಿದ್ದರೆ, ಸೆಳೆತ ಬಂದಿದ್ದರೆ, ನುಂಗಲು ಬಾರದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಸಹ. ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಬಹುದು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ 108ಕ್ಕೆ ಕರೆಮಾಡಿ, "ಇನ್ಸುಲಿನ್ ಪಡೆಯುವ ಮಗು, ಪ್ರಜ್ಞೆ ಇಲ್ಲ" ಎಂದು ಸ್ಪಷ್ಟವಾಗಿ ತಿಳಿಸಬೇಕು.

ಸಕ್ಕರೆ ಏರಿದಾಗ

ಏರಿಕೆ ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ. ಮಗು ಪದೇ ಪದೇ ನೀರು ಕೇಳುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತದೆ. ಎರಡಕ್ಕೂ ಅಡ್ಡಿಪಡಿಸಬಾರದು, ಬಟ್ಟೆ ಒದ್ದೆ ಮಾಡಿಕೊಂಡರೆ ಗದರಬಾರದು. ತಾಯಿಗೆ ತಿಳಿಸಬೇಕು. ಇದರೊಂದಿಗೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಬಾಯಲ್ಲಿ ಕಳಿತ ಹಣ್ಣಿನಂತಹ ವಾಸನೆ, ಮಂಪರು ಕಂಡುಬಂದರೆ ಅದು ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುತ್ತಿರುವ ತುರ್ತುಸ್ಥಿತಿ. ಅಜೀರ್ಣವೆಂದೋ ದೃಷ್ಟಿಯೆಂದೋ ಕಾಲಹರಣ ಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಕಾಯಿಲೆ ಇದೆಯೆಂದು ಇನ್ನೂ ತಿಳಿಯದ ಮಕ್ಕಳಲ್ಲಿಯೂ ಮೊದಲ ಸೂಚನೆಗಳು ಇವೇ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸಿದರೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರೆ, ಮೂತ್ರಕ್ಕೆ ಇರುವೆ ಮುತ್ತಿದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಪ್ರತಿ ತಿಂಗಳು ತೂಕ ನೋಡುವ ಅಂಗನವಾಡಿಯು ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲದು.

ಆಹಾರ, ಆಟ ಮತ್ತು ಇನ್ಸುಲಿನ್

ಈ ಮಗುವಿಗೆ ಉಪವಾಸ ಬೇಡ, ಬೇರೆ ಪಂಕ್ತಿಯೂ ಬೇಡ. ಕೇಂದ್ರದಲ್ಲಿ ನೀಡುವ ಅನ್ನ, ಸಾಂಬಾರು, ಮೊಟ್ಟೆ, ಕಾಳು ಎಲ್ಲವನ್ನೂ ಉಣ್ಣಬಹುದು. ಹೊತ್ತಿಗೆ ಸರಿಯಾಗಿ, ವೈದ್ಯರು ಹೇಳಿದ ಅಳತೆಯಲ್ಲಿ ಉಣ್ಣಬೇಕು, ಅಷ್ಟೆ. ರಾಗಿಯಲ್ಲಿಯೂ ಪಿಷ್ಟವಿದೆ, ಮುದ್ದೆ ಎಷ್ಟಾದರೂ ಉಣ್ಣಬಹುದೆಂಬುದು ತಪ್ಪು ತಿಳುವಳಿಕೆ. ಹುಟ್ಟುಹಬ್ಬದ ದಿನ ಸಿಹಿ ಹಂಚಿದರೆ ಇವನೊಬ್ಬನನ್ನು ಬಿಟ್ಟು ಹಂಚುವುದಕ್ಕಿಂತ, ತಾಯಿಗೆ ಮೊದಲೇ ತಿಳಿಸಿ ಊಟದೊಂದಿಗೆ ಸ್ವಲ್ಪ ಕೊಡುವ ಏರ್ಪಾಡು ಮೇಲು. ಮುಚ್ಚಿಟ್ಟು ತಿನ್ನುವ ಅಭ್ಯಾಸ ಬೆಳೆಯುವುದು ನಿರಾಕರಣೆಯಿಂದಲೇ.

ಆಟವೂ ಅವಶ್ಯ. ಆದರೆ ಹೆಚ್ಚು ಓಡಾಡಿದ ದಿನ ಸಕ್ಕರೆ ಕೆಲವು ಗಂಟೆಗಳ ನಂತರವೂ, ರಾತ್ರಿಯಲ್ಲಿಯೂ ಇಳಿಯಬಹುದಾದ್ದರಿಂದ ಆ ವಿಷಯವನ್ನು ಸಂಜೆ ಮನೆಯವರಿಗೆ ಹೇಳಬೇಕು.

ವೈದ್ಯರ ಲಿಖಿತ ಸೂಚನೆ ಮತ್ತು ತರಬೇತಿ ಇಲ್ಲದೆ ಸಿಬ್ಬಂದಿ ಇನ್ಸುಲಿನ್ ಚುಚ್ಚಬಾರದು. ನಮ್ಮಲ್ಲಿ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಯ ಇನ್ಸುಲಿನ್ ದೊರೆಯುತ್ತದೆ. ಒಂದರ ಸಿರಿಂಜನ್ನು ಇನ್ನೊಂದಕ್ಕೆ ಬಳಸಿದರೆ ಪ್ರಮಾಣ ಎರಡೂವರೆ ಪಟ್ಟು ತಪ್ಪುತ್ತದೆ. ಬಾಟಲಿಯನ್ನು ಕೇಂದ್ರದಲ್ಲಿ ಇಡಬೇಕಾಗಿ ಬಂದರೆ ಒಲೆ, ಕಿಟಕಿಯ ಬಿಸಿಲಿನಿಂದ ದೂರವಿಡಬೇಕು. ಫ್ರಿಜ್ ಇದ್ದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು, ಹೆಪ್ಪುಗಟ್ಟಿಸುವ ಭಾಗದಲ್ಲಿ ಇಡಬಾರದು. ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳಿನಲ್ಲಿರಿಸಿದ ಮಣ್ಣಿನ ಮಡಕೆಯೊಳಗೆ, ಬಾಟಲಿಗೆ ನೀರು ತಗುಲದಂತೆ ಇಡಬಹುದು. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಸಂಗ್ರಹಿಸಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಬೇಕು.

ಗೋಡೆಯ ಮೇಲಿರಬೇಕಾದ ಚೀಟಿ

ಮಗು ಸೇರಿದ ಮೊದಲ ದಿನವೇ ತಾಯಿಯನ್ನು ಕೂರಿಸಿಕೊಂಡು ಒಂದು ಹಾಳೆ ಸಿದ್ಧಪಡಿಸಬೇಕು. ಇನ್ಸುಲಿನ್ ಕೊಡುವ ಹೊತ್ತು, ಊಟ ತಿಂಡಿಯ ಹೊತ್ತು, ಈ ಮಗುವಿನಲ್ಲಿ ಸಕ್ಕರೆ ಇಳಿದಾಗ ಸಾಮಾನ್ಯವಾಗಿ ಕಾಣುವ ಲಕ್ಷಣ, ಕೊಡಬೇಕಾದ ಸಕ್ಕರೆಯ ಅಳತೆ, ತಾಯಿಯ ದೂರವಾಣಿ, ಕೆಲಸದ ಸ್ಥಳದಲ್ಲಿರುವ ಮೇಟಿಯ ದೂರವಾಣಿ, ವೈದ್ಯರ ದೂರವಾಣಿ ಅದರಲ್ಲಿರಬೇಕು. ಹಾಳೆಯ ಪಕ್ಕದಲ್ಲಿಯೇ, ಮಕ್ಕಳ ಕೈಗೆ ಸಿಗದ ಆದರೆ ದೊಡ್ಡವರ ಕೈಗೆ ತಟ್ಟನೆ ಸಿಗುವ ಎತ್ತರದಲ್ಲಿ ಒಂದು ಸಕ್ಕರೆ ಡಬ್ಬಿ, ಒಂದು ಚಮಚ ಇಟ್ಟಿರಬೇಕು. ಬೀಗ ಹಾಕಿದ ದಾಸ್ತಾನು ಕೋಣೆಯ ಸಕ್ಕರೆ ಆಪತ್ತಿಗೆ ಒದಗದು.

ಮಾಸಿಕ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಿದ್ದೆ ಮಾಡುತ್ತಿರುವ ಮಗುವಿಗೂ ಸಕ್ಕರೆ ಇಳಿದು ಮಂಪರಿನಲ್ಲಿರುವ ಮಗುವಿಗೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸುವಿರಿ?

2. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ಸಕ್ಕರೆ ನೀರು ಏಕೆ ಹಾಕಬಾರದು?

3. ಕಾರ್ಯಕರ್ತೆ ರಜೆಯಲ್ಲಿರುವ ದಿನ ಈ ಎಲ್ಲ ಮಾಹಿತಿ ಯಾರಿಗೆ ತಿಳಿದಿರುತ್ತದೆ?

4. "ಸಕ್ಕರೆ ಕಾಯಿಲೆಯ ಮಗುವಿಗೆ ಸಕ್ಕರೆ ಕೊಟ್ಟಿರಲ್ಲ" ಎಂದು ಅಜ್ಜಿ ಆಕ್ಷೇಪಿಸಿದರೆ ಏನೆಂದು ವಿವರಿಸುವಿರಿ?

ಮೂರನೆಯ ಪ್ರಶ್ನೆಗೆ ಪ್ರತಿ ಕೇಂದ್ರವೂ ಲಿಖಿತ ಉತ್ತರ ಇಟ್ಟುಕೊಳ್ಳುವುದು ಅಗತ್ಯ. ಮಗುವನ್ನು ಬಿಟ್ಟು ಕೆರೆಯ ಏರಿ ಹತ್ತುವ ತಾಯಿ ಗುದ್ದಲಿಯೊಂದಿಗೆ ಆತಂಕವನ್ನೂ ಹೊತ್ತು ಹೋಗುತ್ತಾಳೆ. ಕೇಂದ್ರದಲ್ಲಿ ಯಾರಾದರೊಬ್ಬರು ಮಗುವಿನ ಹಣೆ ಮುಟ್ಟಿ ನೋಡುತ್ತಾರೆ ಎಂಬ ಭರವಸೆ ಇದ್ದರೆ ಅವಳು ದುಡಿಯಬಲ್ಲಳು, ಮಗು ಇತರ ಮಕ್ಕಳ ನಡುವೆ ಬೆಳೆಯಬಲ್ಲದು.