ಹೆರಿಗೆಗೆ ಜೊತೆ ಯಾರು?

ಏಳು ತಿಂಗಳು ತುಂಬಿದ ಗರ್ಭಿಣಿಯ ಮನೆಗೆ ಹೋದರೆ, ಬಿಪಿ ನೋಡುವ ಮೊದಲೇ ನಾನೊಂದು ಮಾತು ಕೇಳುತ್ತಿದ್ದೆ: "ಆಸ್ಪತ್ರೆಗೆ ನಿನ್ನ ಜೊತೆ ಯಾರು ಬರುವುದು?" ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಉಪಕೇಂದ್ರಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಸುಲಭದ ಪ್ರಶ್ನೆ ಅನಿಸಬಹುದು. ಆದರೆ "ಇವರು ಸೌದಿಯಲ್ಲಿದ್ದಾರೆ ಸಿಸ್ಟರ್", "ಅಮ್ಮನಿಗೆ ಗಂಟುನೋವು", "ಅತ್ತೆ ಬಂದರೆ ದನ ನೋಡಲು ಜನ ಇಲ್ಲ" ಎಂಬ ಉತ್ತರಗಳೇ ಹೆಚ್ಚು. ಹೆರಿಗೆಯ ತಾರೀಕು ಎಲ್ಲರಿಗೂ ಗೊತ್ತಿರುತ್ತದೆ, ಜೊತೆಗೆ ಬರುವವರು ಯಾರೆಂದು ಮಾತ್ರ ನಿಶ್ಚಯವಾಗಿರುವುದಿಲ್ಲ.

ಆಸ್ಪತ್ರೆಯಲ್ಲಿ ಹೆರುವುದು ಈಗ ನಮ್ಮಲ್ಲಿ ರೂಢಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮನೆಯ ಚಾವಡಿ ಪಕ್ಕದ ಕತ್ತಲೆ ಕೋಣೆಯಲ್ಲಿ, ಲಾಟೀನು ಹಿಡಿದು, ಕತ್ತರಿ ಕುದಿಸಿಕೊಂಡು ಹೆರಿಗೆ ಮಾಡಿಸಿದ್ದೇವೆ. ಆ ಕಾಲ ಮತ್ತೆ ಬರುವುದು ಬೇಡವೇ ಬೇಡ. ಆದರೆ ಆ ಕತ್ತಲೆ ಕೋಣೆಯಲ್ಲಿ ಹೆರುವವಳ ಸುತ್ತ ಅಮ್ಮ, ಅಜ್ಜಿ, ನೆರೆಮನೆಯ ಅಕ್ಕ ಎಲ್ಲರೂ ಇರುತ್ತಿದ್ದರು. ಆಸ್ಪತ್ರೆಗೆ ಬರುವಾಗ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದೆವು.

ಜೊತೆ ಬೇಕಾಗುವುದು ನೋವು ಬಂದ ದಿನ ಮಾತ್ರವಲ್ಲ. ವಿಟ್ಲದ ಕಡೆಯ ಒಬ್ಬ ಹೆಂಗಸು ನೆನಪಾಗುತ್ತಾಳೆ, ಬೀಡಿ ಕಟ್ಟುವವಳು. ಬಂಟ್ವಾಳದ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಫೀಸು ಬೀಡಿಯಿಂದಲೇ ಬರುವುದು. ಸಾವಿರ ಬೀಡಿಗೆ ಇಂತಿಷ್ಟು ಮಜೂರಿ. ಒಂದು ದಿನ ಆಸ್ಪತ್ರೆಗೆ ಹೋದರೆ ಅಂದಿನ ಮಜೂರಿ ಇಲ್ಲ, ಬೀಡಿ ಬ್ರಾಂಚಿಗೆ ಕೊಡುವ ಲೆಕ್ಕ ಕಡಿಮೆ. ಹಾಗಾಗಿ ಬೆನ್ನು ಬಗ್ಗಿಸಿ, ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡು, ತುಂಬು ಹೊಟ್ಟೆಯಲ್ಲೂ ಕೂತಿರುತ್ತಾರೆ. ಹೊಗೆಸೊಪ್ಪಿನ ಹುಡಿ ಮೂಗಿಗೆ ಹೋಗುತ್ತದೆ, ನಿಕೋಟಿನ್ ಕೈಯ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಬೀಡಿ ಸೇದದವರ ಹೊಟ್ಟೆಯ ಮಗುವಿಗೂ ಹೀಗೆ ಬೀಡಿಯ ಪಾಲು ಹೋಗುತ್ತದೆ. "ಕೆಲಸ ಬಿಡು" ಎಂದು ಹೇಳುವುದು ನಮಗೆ ಸುಲಭ. ಬಿಟ್ಟರೆ ಮನೆ ನಡೆಯಬೇಕಲ್ಲ? ಅವಳಿಗೆ ನಾನು ಹೇಳಿದ್ದು ಇಷ್ಟೇ: ಗಾಳಿಯಾಡುವ ಜಗಲಿಯಲ್ಲಿ ಕೂರು, ಆಗಾಗ ಎದ್ದು ನಡೆ, ಸಾಬೂನು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡ, ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡ. ಮಾತ್ರೆ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂದು ಹೆದರಿ ಅದನ್ನು ತೆಂಗಿನ ಬುಡಕ್ಕೆ ಎಸೆಯುವವರನ್ನು ಕಂಡಿದ್ದೇನೆ. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯಲ್ಲಿ ಹೋಗುವ ಒಂದಿಷ್ಟು ರಕ್ತವೂ ಜೀವಕ್ಕೆ ಮುಳುವಾಗಬಹುದು ಎಂದು ಅಂಥವರಿಗೆ ಕೂತು ವಿವರಿಸಬೇಕು, ಬೈದರೆ ಪ್ರಯೋಜನವಿಲ್ಲ.

ಒಂದು ದಿನ ಅವಳ ಮುಖ ಬಾತಿತ್ತು. "ತಲೆ ಸಿಡಿಯುತ್ತದೆ, ನಿದ್ದೆಗೆಟ್ಟು ಬೀಡಿ ಕಟ್ಟಿದ್ದಕ್ಕಿರಬೇಕು" ಎಂದಳು. ಅವಳ ನಾದಿನಿ ಮಾತ್ರ ಅದಕ್ಕೆ ಒಪ್ಪಲಿಲ್ಲ. "ನಿನ್ನೆಯಿಂದ ಕಣ್ಣು ಮಂಜಾಗಿದೆ ಅನ್ನುತ್ತಿದ್ದಾಳೆ ಸಿಸ್ಟರ್" ಎಂದು ಹೇಳಿದಳು. ಬಿಪಿ ಏರಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು ಕೊಡಿಸಿ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ ಕಳಿಸಿದರು. ಆ ಇಂಜೆಕ್ಷನ್ ದಾರಿಯಲ್ಲಿ ಫಿಟ್ಸ್ ಬಾರದಂತೆ ತಡೆಯುತ್ತದೆ, ಅದನ್ನು ಕೊಡದೆ ಆಂಬ್ಯುಲೆನ್ಸ್ ಹತ್ತಿಸುವುದು ಅಪಾಯ. ತಾಯಿ ಮಗು ಇಬ್ಬರೂ ಉಳಿದರು. ಆ ದಿನ ನಾದಿನಿ ಬಾಯಿ ಬಿಡದಿದ್ದರೆ ಅವಳು ಒಂದು ನೋವಿನ ಮಾತ್ರೆ ಕೇಳಿ ಪಡೆದು ಮತ್ತೆ ತಡ್ಪೆಯ ಮುಂದೆ ಕೂರುತ್ತಿದ್ದಳು. ತಲೆನೋವು, ಕಣ್ಣು ಮಂಜು, ಮುಖ ಬಾವು, ನೀರು ಹೋಗುವುದು, ರಕ್ತ ಕಾಣುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವು ಗರ್ಭಿಣಿಗೆ ಮಾತ್ರ ಗೊತ್ತಿದ್ದರೆ ಸಾಲದು, ಮನೆಯಲ್ಲಿ ಇನ್ನೊಬ್ಬರಿಗಾದರೂ ಬಾಯಿಪಾಠವಾಗಿರಬೇಕು.

ದಾರಿಯ ಮಾತು ಬೇರೆಯೇ. 2008ರಲ್ಲಿ 108 ಆಂಬ್ಯುಲೆನ್ಸ್ ಬಂದ ಮೇಲೆ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತವಾದ ಮೇಲೆ ಬಡವರ ಎಷ್ಟೋ ಹೆದರಿಕೆ ದೂರವಾಯಿತು. ಆದರೂ ಮಳೆಗಾಲದಲ್ಲಿ ಮಲವಂತಿಗೆಯ ಎಳನೀರಿನಂಥ ಊರಿನಿಂದ ಬೆಳ್ತಂಗಡಿಗೆ ಇಳಿಯುವುದು ಇಂದಿಗೂ ಕಷ್ಟ. 2019ರ ಆಗಸ್ಟ್ ನೆರೆಯಲ್ಲಿ ಚಾರ್ಮಾಡಿ, ದಿಡುಪೆ ಕಡೆ ಏನಾಯಿತೆಂದು ನೋಡಿದವರು ಮಳೆಗಾಲದ ಆಟಿ ತಿಂಗಳ ಹೆರಿಗೆಯನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ತಾರೀಕಿಗೆ ಎರಡು ವಾರ ಮೊದಲೇ ಉಜಿರೆಯಲ್ಲೋ ಬೆಳ್ತಂಗಡಿಯಲ್ಲೋ ನೆಂಟರ ಮನೆಗೆ ಬಂದು ಇರಿ ಎಂದು ನಾನು ಹಟ ಹಿಡಿಯುತ್ತಿದ್ದೆ. ನೆಗೆಟಿವ್ ಗುಂಪಿನ ರಕ್ತದವರಿಗಂತೂ ಇದನ್ನು ಇನ್ನಷ್ಟು ಒತ್ತಿ ಹೇಳುತ್ತಿದ್ದೆ. ಅವರಿಗೆ ರಕ್ತ ಹೊಂದಿಸುವುದು ಕಷ್ಟ. ಮಗುವಿನದು ಪಾಸಿಟಿವ್ ಗುಂಪಾದರೆ ಹೆರಿಗೆಯಾಗಿ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು.

ಇನ್ನು ಹೆರಿಗೆ ಕೋಣೆ. ನನ್ನ ಸ್ವಂತ ತಂಗಿಯ ಮಗಳ ಹೆರಿಗೆಗೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಅಷ್ಟು ವರ್ಷ ಇದೇ ಕೆಲಸ ಮಾಡಿದವಳು ಎಂದರೂ ಒಳಗೆ ಬಿಡಲಿಲ್ಲ. ಒಳಗಿನಿಂದ ಅವಳು "ದೊಡ್ಡಮ್ಮಾ" ಎಂದು ಕೂಗುತ್ತಿದ್ದದ್ದು ಹೊರಗೆ ಕೇಳುತ್ತಿತ್ತು. "ಕೂಗಬೇಡ, ನಿನಗೊಬ್ಬಳಿಗೇ ನೋವಾ?" ಎಂದು ಯಾರೋ ಗದರಿದ್ದೂ ಕೇಳಿತು. ಗದರಿದವರ ಮೇಲೆ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ರಾತ್ರಿಪಾಳಿಯಲ್ಲಿ ಒಬ್ಬಳೇ ನರ್ಸು ನಾಲ್ಕು ಮಂಚ ಓಡಾಡುವುದನ್ನು ನಾನು ಬಲ್ಲೆ. ಹೆರುವವಳ ಸೊಂಟ ಉಜ್ಜಲು, ನೀರು ಕುಡಿಸಲು, "ಇನ್ನು ಸ್ವಲ್ಪ ಹೊತ್ತು ಮಗಾ" ಎನ್ನಲು ಆಕೆಗೆ ಪುರುಸೊತ್ತು ಎಲ್ಲಿಂದ ಬರಬೇಕು? ಆ ಕೆಲಸವನ್ನು ಮನೆಯವರೇ ಮಾಡಬಲ್ಲರು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಸಂಗಾತಿಯನ್ನು ಬಿಡಬಹುದೆಂದು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. 17 ದೇಶಗಳ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ, ಕೊನೆಯವರೆಗೂ ಜೊತೆಗೆ ಒಬ್ಬರಿದ್ದ ಹೆಂಗಸರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ತುಸು ಕಡಿಮೆ ಎಂದು ಕಂಡುಬಂತು. ಸಂಗಾತಿಯನ್ನು ಬಿಡಲು ದೊಡ್ಡ ಖರ್ಚೇನೂ ಬೇಡ. ಮಂಚ ಮಂಚದ ನಡುವೆ ಒಂದು ಪರದೆ, ಒಂದು ಸ್ಟೂಲು ಸಾಕು. ಪಕ್ಕದ ಹೆಂಗಸಿನ ಮರ್ಯಾದೆಯ ಪ್ರಶ್ನೆ ಎನ್ನುವವರಿಗೆ ಆ ಪರದೆಯೇ ಉತ್ತರ. ಆಸ್ಪತ್ರೆ ಸರಕಾರಿಯಾಗಲಿ ಖಾಸಗಿಯಾಗಲಿ, ತಪಾಸಣೆಗೆ ಹೋದಾಗಲೇ "ಒಳಗೆ ಒಬ್ಬರನ್ನು ಬಿಡುತ್ತೀರಾ?" ಎಂದು ಕೇಳಿ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ, ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ.

ಹೆತ್ತ ಮೇಲೆ ನಮ್ಮ ಕಡೆ ಆರೈಕೆಗೇನೂ ಕೊರತೆಯಿಲ್ಲ. ಹಂಡೆ ನೀರಿನ ಸ್ನಾನ, ಎಣ್ಣೆ, ಮೆಂತೆ ಗಂಜಿ, ಜೀರಿಗೆ ಕಷಾಯ ಎಲ್ಲವೂ ಇದೆ. ಇವನ್ನು ನಾನು ಯಾವತ್ತೂ ಬೇಡ ಎಂದವಳಲ್ಲ. ಬೇಡ ಎಂದದ್ದು ಬಾಣಂತಿಗೆ ನೀರು ಕುಡಿಸದೆ ಇಡುವುದನ್ನು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವುದನ್ನು, 48 ಗಂಟೆ ಕಳೆಯುವ ಮೊದಲೇ ಆಸ್ಪತ್ರೆಯಿಂದ ಮನೆಗೆ ಹೊರಡುವುದನ್ನು. ರಕ್ತಸ್ರಾವ ಹೆಚ್ಚಾಗುವ ಅಪಾಯ ಇರುವುದು ಆ ಹೊತ್ತಿನಲ್ಲೇ.

ಇಷ್ಟೆಲ್ಲ ಆರೈಕೆಯ ನಡುವೆ ಬಾಣಂತಿಯ ಮನಸ್ಸು ಹೇಗಿದೆ ಎಂದು ಕೇಳುವವರು ಕಡಿಮೆ. ಬಂದವರೆಲ್ಲ ಮಗುವನ್ನು ನೋಡಿ "ನಾರ್ಮಲಾ, ಸಿಸೇರಿಯನ್ನಾ?" ಎಂದು ಕೇಳಿ ಹೋಗುತ್ತಾರೆ. ಮೂಡುಬಿದಿರೆಯ ಹತ್ತಿರದ ಒಬ್ಬ ಪದವೀಧರೆ ಹುಡುಗಿ, ಗಂಡ ದುಬೈಯಲ್ಲಿ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಯಾರದೋ ದೃಷ್ಟಿ ತಾಗಿದೆ ಎಂದು ಮನೆಯವರು ಓಡಾಡಿದರು. ಅವಳ ಅಮ್ಮನನ್ನು ಒಪ್ಪಿಸಿ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಚಿಕಿತ್ಸೆ, ಅಮ್ಮನ ತಾಳ್ಮೆ, ರಜೆ ಹಾಕಿ ಬಂದ ಗಂಡ, ಮೂರೂ ಸೇರಿ ಅವಳು ಚೇತರಿಸಿಕೊಂಡಳು. ಈಗ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕೆಂದಿದೆ. ಬಂದವಳು ಮಗುವಿನ ತೂಕ ನೋಡುತ್ತಾಳೆ, ಕಾರ್ಡಿನಲ್ಲಿ ಬರೆಯುತ್ತಾಳೆ. ಅವಳು ಎದ್ದು ಹೊರಡುವ ಮೊದಲು ಮನೆಯವರು ಹತ್ತು ನಿಮಿಷ ಹೊರಗೆ ಹೋಗಿ ಬಾಣಂತಿಯನ್ನೂ ಅವಳನ್ನೂ ಮಾತಾಡಲು ಬಿಡಿ. ಅತ್ತೆಯ ಎದುರು ಬಾಯಿಗೆ ಬಾರದ ಮಾತುಗಳು ಆ ಹತ್ತು ನಿಮಿಷದಲ್ಲಿ ಹೊರಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.