ರಾಯಪ್ಪ, ಚೌರಪ್ಪ: ಇವೂ ಸಂತರ ಹೆಸರುಗಳೇ

ಲೆಬನಾನ್ ದೇಶದ ಕ್ರೈಸ್ತರಲ್ಲಿ 'ಖೂರಿ' ಎಂಬ ಮನೆತನದ ಹೆಸರು ಬಹಳ ಸಾಮಾನ್ಯ. ಅವರ ಅರಬ್ಬಿಯಲ್ಲಿ ಖೂರಿ ಎಂದರೆ ಪಾದ್ರಿ. ಅಲ್ಲಿನ ಮಾರೊನೈಟ್ ಸಭೆ ರೋಮಿನೊಡನೆ ಒಂದಾಗಿದ್ದರೂ ಮದುವೆಯಾದವರಿಗೂ ಗುರುಪಟ್ಟ ಕೊಡುವ ಪದ್ಧತಿಯನ್ನು ಉಳಿಸಿಕೊಂಡಿದೆ. ಹೀಗೆ ಊರ ಗುರುಗಳ ಮಕ್ಕಳು, ಮೊಮ್ಮಕ್ಕಳು 'ಖೂರಿ'ಯವರಾದರು. 1943ರಲ್ಲಿ ಸ್ವತಂತ್ರ ಲೆಬನಾನಿನ ಮೊದಲ ಅಧ್ಯಕ್ಷರಾದ ಬೆಶಾರಾ ಅಲ್ ಖೂರಿ ಅವರ ಹೆಸರಿನಲ್ಲಿರುವುದೂ ಅದೇ ಮಾತು.

ವಯನಾಡಿನಲ್ಲಿ ನಮ್ಮ ನೆರೆಯ ಮಲಯಾಳಿಗಳಿಗೆ ಮನೆಹೆಸರಿದೆ. ಮಂಗಳೂರಿನವರಿಗೆ ಡಿಸೋಜ, ಪಿಂಟೊ ಇವೆ. ಮೈಸೂರು ಸೀಮೆಯ ಮೂಲದ ಕನ್ನಡ ಕಥೋಲಿಕರಾದ ನಮಗೆ ಇರುವುದು ತಂದೆಯ ಹೆಸರಿನ ಇನಿಶಿಯಲ್ ಮಾತ್ರ. ಪಾಸ್‌ಪೋರ್ಟ್ ಅರ್ಜಿಯಲ್ಲಿ 'ಸರ್‌ನೇಮ್' ಕೇಳಿದಾಗ ಅಪ್ಪನ ಅಥವಾ ಅಜ್ಜನ 'ರಾಯಪ್ಪ' ಆ ಜಾಗಕ್ಕೆ ಬಂದು ಕೂರುತ್ತದೆ. ಆಗ ಕೆಲವು ಯುವಕರಿಗೆ ಮುಜುಗರ. ಇದೇನು ಕ್ರೈಸ್ತ ಹೆಸರೇ ಎಂಬ ಪ್ರಶ್ನೆ.

ಹೌದು, ಅಪ್ಪಟ ಕ್ರೈಸ್ತ ಹೆಸರು. ಯೇಸುಸ್ವಾಮಿ ಸಿಮೋನನಿಗೆ 'ಕೇಫ' ಎಂದು ಹೆಸರಿಟ್ಟರು (ಯೊವಾನ್ನ 1:42). ಕೇಫ ಎಂದರೆ ಬಂಡೆ, ಗ್ರೀಕಿನಲ್ಲಿ ಪೇತ್ರ. ತೆಲುಗಿನಲ್ಲಿ ಕಲ್ಲಿಗೆ 'ರಾಯಿ' ಎನ್ನುತ್ತಾರೆ. ಪೇತ್ರರು ರಾಯಪ್ಪನಾದದ್ದು ಹೀಗೆ. ಲ್ಯಾಟಿನ್ನಿನಲ್ಲಿ 'ಪೌಲುಸ್' ಎಂದರೆ ಚಿಕ್ಕವನು, ಅವರು ಚಿನ್ನಪ್ಪ. 'ಯೊವಾನ್ನ' ಎಂದರೆ ದೇವರ ಕೃಪೆ, ತಮಿಳಿನಲ್ಲಿ ಕೃಪೆಗೆ 'ಅರುಳ್', ಅವರು ಅರುಳಪ್ಪ. ಹಳೆಯ ಮಿಷನರಿಗಳು ಹೆಸರಿನ ಸದ್ದನ್ನು ಬಿಟ್ಟು ಅರ್ಥವನ್ನು ಹಿಡಿದರು. ನನ್ನ ಮಟ್ಟಿಗೆ, 'ಪೀಟರ್' ಎಂಬುದಕ್ಕಿಂತ ರಾಯಪ್ಪ ಎಂಬುದೇ ಸುವಾರ್ತೆಯ ಆ ಮಾತಿಗೆ ಹೆಚ್ಚು ಹತ್ತಿರ. ಪೀಟರ್ ಎಂದಾಗ ನಮ್ಮ ಕಿವಿಗೆ ಬಂಡೆ ಕೇಳಿಸುವುದಿಲ್ಲವಲ್ಲ.

ಚೌರಪ್ಪನ ಕಥೆ ಬೇರೆ. ಇಲ್ಲಿ ಅರ್ಥಕ್ಕಿಂತ ಸದ್ದೇ ಉಳಿಯಿತು: ಕ್ಸೇವಿಯರ್ ತಮಿಳಿನಲ್ಲಿ ಸವೇರಿಯಾರ್ ಆಗಿ, ನಮ್ಮಲ್ಲಿ ಚೌರಪ್ಪನಾಯಿತು. ಆದರೆ ಮೂಲದಲ್ಲಿ ಇದು ವ್ಯಕ್ತಿಯ ಹೆಸರೇ ಅಲ್ಲ, ಊರ ಹೆಸರು. ಸಂತ ಫ್ರಾನ್ಸಿಸ್ 1506ರಲ್ಲಿ ಹುಟ್ಟಿದ್ದು ನವಾರ್ ಸೀಮೆಯ ಹವಿಯೆರ್ ಕೋಟೆಯಲ್ಲಿ. ಅಲ್ಲಿನ ಬಾಸ್ಕ್ ಭಾಷೆಯಲ್ಲಿ ಆ ಹೆಸರಿಗೆ 'ಹೊಸ ಮನೆ' ಎಂದರ್ಥ. ಪಕ್ಕದ ಮನೆಯ ಪುತ್ತನ್‌ಪುರಯ್ಕಲ್ ಚೇಟನ ಮನೆಹೆಸರಿಗೂ ಹೆಚ್ಚುಕಡಿಮೆ ಅದೇ ಅರ್ಥ!

ಹಿರಿಯರ ಜ್ಞಾನಸ್ನಾನದ ದಾಖಲೆ ಹುಡುಕುವವರಿಗೆ ಒಂದು ಸೂಚನೆ. ಹಳೆಯ ರಿಜಿಸ್ಟರ್‌ಗಳನ್ನು ಬಹಳ ಕಡೆ ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ. ರಾಯಪ್ಪ ಸಿಗದಿದ್ದರೆ 'ಪೇತ್ರುಸ್' ಎಂದು, ಚಿನ್ನಪ್ಪ ಸಿಗದಿದ್ದರೆ 'ಪೌಲುಸ್' ಎಂದು ಹುಡುಕಲು ಕೇಳಿ. ಅಜ್ಜನ ತಂದೆತಾಯಿಯ ಹೆಸರು, ಊರು ತಿಳಿದಿದ್ದರೆ ಅದನ್ನೂ ಬರೆದುಕೊಂಡು ಹೋಗಿ. ಒಂದೇ ಪುಟದಲ್ಲಿ ನಾಲ್ಕು ಪೇತ್ರುಸ್ ಇರಬಹುದು.