ಕಚೇರಿ ಕೇಳಲು ಎಂಥ ಸ್ಪೀಕರ್?

ಪ್ರಶ್ನೆ: ಹನ್ನೆರಡಡಿಯ ಕೋಣೆ. ರಾಮನವಮಿ ಕಚೇರಿಗಳ ಧ್ವನಿಮುದ್ರಣ ಹಾಕಿದರೆ ಸೌಂಡ್‌ಬಾರ್‌ನಲ್ಲಿ ಮೃದಂಗ ಗುಂಯ್‌ಗುಡುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಏನು ಕೊಳ್ಳಬೇಕು?

ಸಭೆಯಲ್ಲಿ ಮುದ್ರಿಸಿದ ಸಂಗೀತದೊಳಗೆ ಮಾರ್ದನಿ, ಚಪ್ಪಾಳೆ, ಮೈಕಿನ ಗುಂಯ್‌ಗಾಟವೂ ಸೇರಿರುತ್ತವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಂಥ ಪೆಂಡಾಲಿನ ಕಚೇರಿಯಾದರೆ ಬೀದಿಯ ಸದ್ದೂ ಉಂಟು. ಬಾಸ್ ಉಬ್ಬಿಸುವ ಸ್ಪೀಕರ್ ಗದ್ದಲವನ್ನೇ ಹಿಗ್ಗಿಸುತ್ತದೆ. ಕಂಠ, ಪಿಟೀಲುಗಳ ಜೀವಾಳವಿರುವುದು ಸುಮಾರು 200ರಿಂದ 4,000 ಹರ್ಟ್ಸ್ ನಡುವೆ. ಅಲ್ಲಿ ಸ್ವಚ್ಛವಾಗಿ ನುಡಿಯುವ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ಇಂಥ ಕೋಣೆಗೆ ಸಾಕು. 5ರಿಂದ 6.5 ಇಂಚಿನ ವೂಫರ್ ಮೃದಂಗದ ತೊಪ್ಪಿಗೂ ಸಾಲುತ್ತದೆ, ಸಬ್‌ವೂಫರ್ ಬೇಡ. ವ್ಯಾಟ್ ಸಂಖ್ಯೆಗೆ ಮರುಳಾಗಬಾರದು: ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ.

ಆದರೆ ಖರ್ಚಿಗೆ ಮುಂಚೆ ಈಗಿರುವ ಸ್ಪೀಕರಿನ ಜಾಗ ಬದಲಿಸಿ ನೋಡಬೇಕು. ಮೂಲೆಗೆ ಒತ್ತಿಟ್ಟ ಸ್ಪೀಕರಿನಲ್ಲಿ ಬಾಸ್ ತಾನಾಗಿ ಉಬ್ಬುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದೆ, ಟ್ವೀಟರ್ ಕುಳಿತವರ ಕಿವಿಯ ಮಟ್ಟದಲ್ಲಿ, ಎರಡು ಸ್ಪೀಕರ್ ಮತ್ತು ಕೇಳುಗರು ಸಮಬಾಹು ತ್ರಿಕೋನದ ಮೂಲೆಗಳಲ್ಲಿದ್ದರೆ ಸರಿ. ಬರಿ ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಬಹಳ ಉಪಕಾರಿ.

ಅಂಗಡಿಗೆ ಮನೆಯಲ್ಲಿ ಕೇಳುವ ಧ್ವನಿಮುದ್ರಣವನ್ನೇ ಒಯ್ಯಬೇಕು. ಅಲ್ಲಿನ ಝಗಝಗಿಸುವ ಡೆಮೊ ಹಾಡಿನಿಂದ ಏನೂ ತಿಳಿಯದು. ಒಂದು ಆಲಾಪನೆ, ಒಂದು ತನಿ ಆವರ್ತನವನ್ನು ಒಂದೇ ಸದ್ದಿನಲ್ಲಿ ಎರಡು ಮೂರು ಜೋಡಿಗಳಲ್ಲಿ ಹೋಲಿಸಬೇಕು.

ಹಾಡು ನಿಲ್ಲಿಸಿದ ಮೇಲೂ ಗುಂಯ್‌ಗುಟ್ಟಿದರೆ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಪರೀಕ್ಷಿಸಬೇಕು. ಮನೆಮಂದಿಯ ಮಾತೂ ಅಸ್ಪಷ್ಟವೆನಿಸಿದರೆ ಕಿವಿಯ ವೈದ್ಯರನ್ನು ಕಾಣಬೇಕು. ಒಳ್ಳೆಯ ಹೆಡ್‌ಫೋನಿನಲ್ಲೂ ಸಾಹಿತ್ಯ ಕೇಳದಿದ್ದರೆ ದೋಷ ಬಹುಶಃ ಧ್ವನಿಮುದ್ರಣದ್ದೇ. ಅದಕ್ಕೆ ಯಾವ ಸ್ಪೀಕರೂ ಮದ್ದಲ್ಲ.